ಕಡಲಡಿಯ ಕೆಂಪು ಚಿಪ್ಪು

"ಎಡಗಣ್ಣು ಮುಚ್ಚಿ. ಈಗ ಎಂತ ಕಾಣ್ತದೆ ಹೇಳಿ," ಎಂದಳು ಹೇಮಾಕ್ಷಿ.

ಸಬ್ ಇನ್‌ಸ್ಪೆಕ್ಟರ್ ಚೆನ್ನಪ್ಪ ಸೂಕ್ಷ್ಮದರ್ಶಕದ ಮೇಲೆ ಇನ್ನಷ್ಟು ಬಾಗಿದ. ಮೊದಲು ಬರೀ ಬೆಳಕು ಕಂಡಿತು. ತಿರುಪನ್ನು ಅತ್ತಿತ್ತ ತಿರುಗಿಸಿದ ಮೇಲೆ ಬೆಳಕಿನ ನಡುವೆ ಬೆಂದ ಸಾಬಕ್ಕಿಯಂತಹ ಗುಂಡುಗಳು ಮೂಡಿದವು, ಎರಡು ಮೂರು ಗುಳ್ಳೆ ಒಂದಕ್ಕೊಂದು ಅಂಟಿಕೊಂಡ ಹಾಗೆ. ಹೆಚ್ಚಿನವು ಬಿಳಿ. ಕೆಲವಕ್ಕೆ ಮಾತ್ರ ಹಸುಗೂಸಿನ ಉಗುರಿನ ಬಣ್ಣ.

"ಬಿಳಿ ಚಿಪ್ಪು ಉಂಟು. ನಸುಗೆಂಪಿನದೂ ಉಂಟು," ಎಂದ.

"ಕೆಂಪಿನದನ್ನು ನೆನಪಿಡಿ," ಎಂದಳು ಅವಳು. "ಅದು ಸರ್‌ನ ಗಂಟಲಲ್ಲಿ ಇರ್ಲಿಕ್ಕೇ ಸಾಧ್ಯವಿಲ್ಲದ್ದು."

ಪ್ರೊಫೆಸರ್ ರೇಮಂಡರ ಶವ ಬೆಂಗ್ರೆಯ ಮರಳ ದಿಬ್ಬದಲ್ಲಿ ಸಿಕ್ಕಿ ತಿಂಗಳಾಗುತ್ತ ಬಂದಿತ್ತು. ಅವರನ್ನು ಕಡಲಿಗೆ ದೂಡಿದನೆಂಬ ಆಪಾದನೆಯ ಮೇಲೆ ಮಂಜಿ ಎಂಬ ಸರಕಿನ ಹಾಯಿಹಡಗಿನ ಒಡೆಯ ಅಹ್ಮದ್ ಬಾವ ಸಬ್‌ಜೈಲಿನಲ್ಲಿದ್ದ. ಅವನ ಕೈಗೆ ಕೋಳ ತೊಡಿಸಿದವನು ಚೆನ್ನಪ್ಪನೇ.

ಈಗ ಅವರಿಬ್ಬರು ನಿಂತಿದ್ದದ್ದು ರೇಮಂಡರ ಪ್ರಯೋಗಶಾಲೆಯಲ್ಲಿ. ಜೆಪ್ಪುವಿನಿಂದ ನೇತ್ರಾವತಿಗೆ ಇಳಿಯುವ ದಾರಿಯ ಕೊನೆಗೆ ಇದ್ದ ಹಳೆಯ ಹಂಚಿನ ಗೋದಾಮು ಅದು. ಒಂದು ಬಾಗಿಲು ರಸ್ತೆಗೆ, ಇನ್ನೊಂದು ಬಾಗಿಲು ನದಿಯ ಮೆಟ್ಟಿಲಿಗೆ. ಗೋಡೆಗೆ ಒರಗಿ ಕಬ್ಬಿಣದ ಉದ್ದ ಕೊಳವೆಗಳು ನಿಂತಿದ್ದವು. ನಡುವೆ ಸಿಮೆಂಟಿನ ಒಂದು ತೊಟ್ಟಿ, ಎದೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಬಾವಿಯ ನೀರು ತುಂಬಿ, ಜರಡಿ ಅದ್ದಿ ಕೆಸರು ತೊಳೆಯುವುದು ಅದರಲ್ಲಿ.

ಆಸ್ಪತ್ರೆಯ ಡಾಕ್ಟರು ಶವಪರೀಕ್ಷೆಯ ದಿನ ಎರಡು ಸೀಸೆಗಳನ್ನು ಸ್ಪಿರಿಟ್ ಹಾಕಿ ಇಟ್ಟುಕೊಂಡಿದ್ದರು. ಒಂದರಲ್ಲಿ ರೇಮಂಡರ ಶ್ವಾಸನಾಳದಿಂದ ತೆಗೆದ ಕೆಸರು. ಇನ್ನೊಂದರಲ್ಲಿ ಶ್ವಾಸಕೋಶದ ಅಡಿ ಅಂಚಿನಿಂದ ಹಿಂಡಿ ತೆಗೆದ ನೀರು. ಕಡಲಲ್ಲಿ ಮುಳುಗಿದವನ ಗಂಟಲಲ್ಲಿ ಕಡಲಿನ ಕೆಸರು ಇದ್ದರೆ ಅದರಲ್ಲಿ ವಿಶೇಷವೇನು ಎಂದು ಯಾರೂ ಅವನ್ನು ಕೇಳಿರಲಿಲ್ಲ. ನಿನ್ನೆ ಚೆನ್ನಪ್ಪ ಕೇಳಿ ತಂದಿದ್ದ. ಸಬ್‌ಜೈಲಿನ ಎದುರು ಬಾವನ ಹೆಂಡತಿ ಹವ್ವಮ್ಮ ದಿನವೂ ಗಂಜಿಯ ಪಾತ್ರೆ ಹಿಡಿದು ನಿಲ್ಲುವುದನ್ನು ಅವನು ಕಾಣುತ್ತಿದ್ದ. ಅವಳು ಅವನನ್ನು ಒಂದು ದಿನವೂ ಬೈದಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೇಮಾಕ್ಷಿ ರೇಮಂಡರ ಶಿಷ್ಯೆ. ಮದ್ರಾಸಿನಲ್ಲಿ ಜೀವಶಾಸ್ತ್ರ ಓದಿ ಬಂದು, ಮೂರು ವರ್ಷದಿಂದ ಅವರ ಜೊತೆ ಇದೇ ಗೋದಾಮಿನಲ್ಲಿ ಕೆಸರು ತೊಳೆದವಳು. ಚಿಪ್ಪಿನ ಅರ್ಥವನ್ನು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು.

ಕಡಲ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಬದುಕುತ್ತವೆ. ಒಂದೊಂದಕ್ಕೂ ಒಂದು ಸುಣ್ಣದ ಚಿಪ್ಪು. ಸತ್ತ ಮೇಲೆ ಚಿಪ್ಪುಗಳು ತಳಕ್ಕೆ ಇಳಿದು ಕೆಸರಿನಲ್ಲಿ ಹೂತುಹೋಗುತ್ತವೆ. ಅದರ ಮೇಲೆ ಮತ್ತೊಂದು ಪದರ, ಮತ್ತೊಂದು. ಸೀಸದ ಭಾರ ಕಟ್ಟಿದ ಕಬ್ಬಿಣದ ಕೊಳವೆಯನ್ನು ಆಳ ಸಮುದ್ರದಲ್ಲಿ ಇಳಿಬಿಟ್ಟರೆ ಅದು ತಳಕ್ಕೆ ಚುಚ್ಚಿಕೊಳ್ಳುತ್ತದೆ. ಮೇಲೆಳೆದಾಗ ಒಳಗೆ ಕೆಸರಿನ ಒಂದು ಕಂಬ ಇರುತ್ತದೆ. ಕಂಬದ ಮೇಲ್ತುದಿ ಇಂದಿನದು. ಅಡಿತುದಿ, ಈ ಊರಿಗೆ ಹೆಸರಿಡುವ ಮನುಷ್ಯರೇ ಹುಟ್ಟದಿದ್ದ ಕಾಲದ್ದು. ಯಾವ ಜೀವಿ ಯಾವಾಗ ಬಂತು, ಹೇಗೆ ಬದಲಾಯಿತು, ಯಾವಾಗ ಅಳಿಯಿತು ಎಂಬುದನ್ನು ಅಡಿಯಿಂದ ಮೇಲಕ್ಕೆ ನೋಡುತ್ತ ಬರಬಹುದು. ರೇಮಂಡರು ಆಯುಷ್ಯ ಕಳೆದದ್ದು ಆ ಕೆಲಸದಲ್ಲಿ.

"ಕಡೆಯ ಪ್ರಯಾಣಕ್ಕೆ ಸರ್ ಹೊಸ ಕೊಳವೆ ಮಾಡಿಸಿದ್ದರು, ಹಿಂದಿನದಕ್ಕಿಂತ ತುಂಬಾ ಉದ್ದದ್ದು," ಎಂದಳು ಹೇಮಾಕ್ಷಿ. "ಅವರು ಹೋದ ಮೇಲೆ ಅದರ ಒಂದೊಂದು ಪದರದಿಂದ ಚಿಟಿಕೆ ಕೆಸರು ತೆಗೆದು ನಾನು ನೋಡಿದ್ದೇನೆ. ಕೆಂಪು ಚಿಪ್ಪು ಇರುದು ಅಡಿತುದಿಯಲ್ಲಿ ಮಾತ್ರ. ಮೇಲಿನ ಪದರಗಳಲ್ಲಿ ಒಂದೂ ಇಲ್ಲ. ಈಗಿನ ನಮ್ಮ ಕಡಲಲ್ಲಿ ಬಲೆ ಹಾಕಿ ಎಷ್ಟು ನೀರು ಸೋಸಿದರೂ ಬಿಳಿಯದೇ ಸಿಕ್ಕುದು. ಆ ಕೆಂಪು ಜಾತಿ ಈ ಕಡಲಿಂದ ಅಳಿದು ಎಷ್ಟು ಸಾವಿರ ವರ್ಷ ಆಯಿತೋ."

ಚೆನ್ನಪ್ಪ ತಲೆಯೆತ್ತಿದ. ಎದ್ದು ಹೋಗಿ ಹೊಸ ಕೊಳವೆಯ ಪಕ್ಕ ಕುಳಿತ. ಉದ್ದಕ್ಕೆ ಸೀಳಿದ ಕೊಳವೆಯೊಳಗೆ ಬೂದು ಹಸಿರಿನ ಕೆಸರು ಗಟ್ಟಿಯಾಗಿ ಕೂತಿತ್ತು. ಅಡಿತುದಿಯಲ್ಲಿ ಗೇಣಿನಷ್ಟು ಕೆಸರನ್ನು ಯಾರೋ ನೇರವಾಗಿ ಕೊಯ್ದು ತೆಗೆದಿದ್ದರು.

"ಇದನ್ನು ಕೊಯ್ದದ್ದು ನೀವಾ?"

"ಅಲ್ಲ. ನಾನು ನೋಡುವಾಗಲೇ ಹಾಗೆ ಇತ್ತು. ಕೆಂಪು ಚಿಪ್ಪು ನನಗೆ ಸಿಕ್ಕಿದ್ದು ಆ ಕೊಯ್ದ ಅಂಚಿನಲ್ಲಿ ಉಳಿದ ಕೆಸರಲ್ಲಿ."

"ಮಂಜಿಯಲ್ಲೇ ಕೊಯ್ದಿರಬಹುದಾ?"

ಅವಳು ಇಲ್ಲವೆಂದಳು. ಕೊಳವೆ ಮೇಲೆ ಬಂದ ಕೂಡಲೇ ಎರಡೂ ಬಾಯಿಗೆ ಮೇಣ ಹಾಕಿ ಬಿಗಿಯುವುದು ರೇಮಂಡರ ಪದ್ಧತಿ. ಸೀಳುವ ಗರಗಸ ಇರುವುದು ಈ ಗೋದಾಮಿನಲ್ಲಿ ಮಾತ್ರ. ಸೀಳಿ, ಅಡಿಯ ಕೆಸರು ಕೊಯ್ದು, ನೀರಿನಲ್ಲಿ ನೆನೆಸಿ ಅದು ಕರಗಿ ತೊಟ್ಟಿಗೆ ಇಳಿಯಬೇಕಾದರೆ ಮಧ್ಯಾಹ್ನ ಶುರು ಮಾಡಿದರೂ ಸಂಜೆಯಾಗುತ್ತದೆ.

ಚೆನ್ನಪ್ಪ ತೊಟ್ಟಿಯ ಹತ್ತಿರ ಬಂದು ನಿಂತ. ಅದು ಒಣಗಿತ್ತು. ಅಂಚಿನ ಸಿಮೆಂಟು ನುಣುಪಾಗಿ ಸವೆದಿತ್ತು.

ಹಾಗಾದರೆ ರೇಮಂಡರು ಆ ಕೆಸರನ್ನು ಉಸಿರಿನೊಂದಿಗೆ ಎಳೆದುಕೊಂಡದ್ದು ಕಡಲಿನಲ್ಲಿ ಅಲ್ಲ, ಇಲ್ಲಿ. ಮುಖ ಈ ನೀರಿನೊಳಗೆ ಇರುವಾಗ.

ಅಹ್ಮದ್ ಬಾವ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದ. ಅಮಿನಿ ದ್ವೀಪಕ್ಕೆ ಅಕ್ಕಿ ಹೊತ್ತು ಹೋಗಿ ತೆಂಗಿನ ನಾರು ತರುವ ನನ್ನ ಮಂಜಿಯಲ್ಲಿ ಪ್ರೊಫೆಸರನ್ನು ಕರೆದೊಯ್ದದ್ದು ನಿಜ. ಹಿಂದಿರುಗುವಾಗ ಗಾಳಿ ಕೆಟ್ಟಿತು, ಇನ್ನೊಂದು ದಿನ ಆಳದಲ್ಲಿ ನಿಲ್ಲಲಾರೆ ಎಂದೆ, ಜಗಳವಾಯಿತು, ಅದೂ ನಿಜ. ಆದರೆ ಆ ಮಧ್ಯಾಹ್ನ ಸಣ್ಣ ದೋಣಿಯಲ್ಲಿ ಅವರನ್ನೂ ಕೊಳವೆಗಳನ್ನೂ ಗೋದಾಮಿನ ಮೆಟ್ಟಿಲಿಗೆ ಇಳಿಸಿ, ನಾನು ಬಂದರಿಗೆ ಹೋದೆ ಎನ್ನುತ್ತಿದ್ದ. ಆ ದೋಣಿಯಲ್ಲಿ ಇದ್ದದ್ದು ಅವರಿಬ್ಬರೇ, ಇಳಿದದ್ದನ್ನು ಕಂಡ ಸಾಕ್ಷಿ ಯಾರೂ ಇರಲಿಲ್ಲ; ದಾರಿಯಲ್ಲಿ ಅವರನ್ನು ಕಡಲಿಗೆ ದೂಡಿ ಕೊಳವೆ ಮಾತ್ರ ಇಳಿಸಿದ ಎಂದು ಪೊಲೀಸರು ನಂಬಿದರು. ಜಗಳ ಕೇಳಿಸಿಕೊಂಡ ಮಂಜಿಯ ಖಲಾಸಿಗಳು ಮಾತ್ರ ಬೇಕಾದಷ್ಟು ಮಂದಿ ಇದ್ದರು.

ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಬಾವ ಬಂದರಿನಲ್ಲಿ ನಾರು ಇಳಿಸುತ್ತಿದ್ದ. ಅದನ್ನು ಸುಂಕದ ಕಟ್ಟೆಯವರು ಆಗಲೇ ಹೇಳಿದ್ದರು. ರೇಮಂಡರು ಕಡಲಿನಲ್ಲೇ ಸತ್ತರೆಂದು ಎಲ್ಲರೂ ನಂಬಿದ್ದರಿಂದ ಆ ಮಾತಿಗೆ ಬೆಲೆ ಬಂದಿರಲಿಲ್ಲ. ಇವತ್ತು ಬೆಲೆ ಬಂತು.

"ಇನ್ನೊಂದು ಸೀಸೆಯನ್ನೂ ನೋಡಿ," ಎಂದ ಚೆನ್ನಪ್ಪ. "ಅವಸರ ಬೇಡ."

ಹೊರಗೆ ನಿಂತಿದ್ದ ಪೇದೆಯನ್ನು ಕರೆದು, ಮೋಹನದಾಸರನ್ನು ಬರಹೇಳು ಎಂದು ಕಳಿಸಿದ.

*

ಮೋಹನದಾಸ್ ಗೋದಾಮಿನ ಯಜಮಾನ. ಅಜ್ಜನ ಕಾಲದವರೆಗೆ ಗದ್ದೆ ಉತ್ತ ಮನೆತನ. ಅಪ್ಪ ಹಂಚಿನ ವ್ಯಾಪಾರಕ್ಕೆ ಇಳಿದ, ಇವರು ಬೆಳೆಸಿದರು. ರೇಮಂಡರೂ ಇವರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗೋದಾಮನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು.

ಬಿಳಿ ಪಂಚೆ, ಮುಚ್ಚುಗೊರಳಿನ ಕೋಟು, ಕೈಯಲ್ಲಿ ಕೊಡೆ. ಒಳಗೆ ಬಂದವರು ತೊಟ್ಟಿಯನ್ನು ಸುತ್ತುಬಳಸಿ, ಗೋಡೆಯ ಬದಿಯಿಂದ ನಡೆದು ಬಂದರು. ಹತ್ತಿರದ ದಾರಿ ಅದಾಗಿರಲಿಲ್ಲ. ಕಿಟಕಿಯ ಕೆಳಗೆ ಹೇಮಾಕ್ಷಿ ಬೆನ್ನು ತಿರುಗಿಸಿ ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದಳು.

ಚೆನ್ನಪ್ಪ ಅವರಿಗೆ ಸ್ಟೂಲು ಕೊಟ್ಟು, ಕೆಂಪು ಚಿಪ್ಪಿನ ವಿಷಯವನ್ನು ಏನೂ ಮುಚ್ಚಿಡದೆ ಹೇಳಿದ. ಕೇಳಿ ಮುಗಿಸಿ ಮೋಹನದಾಸ್ ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು.

"ಹಾಗಾದರೆ ಬಾವನನ್ನು ಬಿಡ್ತೀರಲ್ಲಾ?"

"ಬಿಡ್ಲಿಕ್ಕೆ ಬರೆದುಕೊಡ್ತೇನೆ," ಎಂದ ಚೆನ್ನಪ್ಪ. "ಆದರೆ ಒಂದು ಸಂಗತಿ. ನಿಮ್ಮ ಸ್ನೇಹಿತರು ಈ ಕೋಣೆಯಲ್ಲಿ ಮುಳುಗಿದರು ಅಂತ ನಾನು ಹೇಳಿದೆ. ಹೇಗೆ ಅಂತ ನೀವು ಕೇಳಲಿಲ್ಲ. ಯಾರು ಅಂತಲೂ ಕೇಳಲಿಲ್ಲ. ಬಾವನ ಮಾತೇ ಮೊದಲು ಬಂತು."

ಮೋಹನದಾಸ್ ನದಿಯ ಕಡೆ ನೋಡಿದರು.

"ಬಾವನಿಗೆ ವಕೀಲರನ್ನು ಗೊತ್ತು ಮಾಡಿದ್ದು ನೀವು. ಅವರ ಗುಮಾಸ್ತ ಹೇಳಿದ. ಹವ್ವಮ್ಮನಿಗೆ ಯಾರು ಮಾಡಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಜೀವದ ಗೆಳೆಯನನ್ನು ಕೊಂದವನು ಅಂತ ಊರೆಲ್ಲ ಹೇಳುವವನಿಗೆ ನೀವು ವಕೀಲರನ್ನು ಇಟ್ಟಿರಿ. ಯಾಕೆ?"

ನದಿಯ ಬಾಗಿಲು ತೆರೆದಿತ್ತು. ಮೆಟ್ಟಿಲಿಗೆ ಕಟ್ಟಿದ ಮೋಹನದಾಸರ ಸಣ್ಣ ದೋಣಿ ನೀರಿನ ಇಳಿತಕ್ಕೆ ಅಲ್ಲಾಡುತ್ತಿತ್ತು.

"ಅವನು ಮಾಡಿಲ್ಲ ಅಂತ ನನಗೆ ಗೊತ್ತಿತ್ತು," ಎಂದರು ಮೋಹನದಾಸ್.

ಆಮೇಲೆ ಅವರು ಮಾತಾಡಿದರು. ನಿಲ್ಲಿಸಿ ನಿಲ್ಲಿಸಿ, ಕೆಲವು ಕಡೆ ಕನ್ನಡ ಬಿಟ್ಟು ತುಳುವಿಗೆ ಜಾರಿ, ಮತ್ತೆ ಕನ್ನಡಕ್ಕೆ ಬಂದು.

ರೇಮಂಡರು ಆ ವರ್ಷದ ಮಳೆಗಾಲದಲ್ಲಿ ಮದ್ರಾಸಿನ ಒಂದು ವಿದ್ವತ್ ಸಭೆಗೆ ಹೋಗಿದ್ದರು. ಒಂದು ಚಿಪ್ಪಿನ ಆಕಾರ ಪದರದಿಂದ ಪದರಕ್ಕೆ ಹೇಗೆ ಮೆಲ್ಲಗೆ ಬದಲಾಗುತ್ತ ಬಂತೆಂದು ಅಲ್ಲಿ ತೋರಿಸಿದರು. ಕೇಳಿದವರಲ್ಲಿ ಒಬ್ಬರು ಎದ್ದು, ನಿಮ್ಮ ಕೆಸರನ್ನು ಅಡಿಪ್ರವಾಹ ಕಲಕಿದೆ, ಹಳೆಯದೂ ಹೊಸದೂ ಬೆರೆತುಹೋಗಿದೆ, ಬೆರೆತದ್ದನ್ನು ನೀವು ಬದಲಾವಣೆ ಎನ್ನುತ್ತಿದ್ದೀರಿ ಎಂದರು. ಸಭೆ ನಕ್ಕಿತು. ರೇಮಂಡರ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಊರಿಗೆ ಬಂದವರು ಊಟ ಬಿಟ್ಟರು, ಜನರಿಗೆ ಮುಖ ತೋರಿಸುವುದು ಬಿಟ್ಟರು. ಇಪ್ಪತ್ತು ವರ್ಷ ಕೆಸರನ್ನೇ ತೊಳೆದೆ ಮಾರಾಯ, ಕೊನೆಗೆ ಕೈಯಲ್ಲಿ ಉಳಿದದ್ದೂ ಕೆಸರೇ ಎಂದು ಗೆಳೆಯನ ಹತ್ತಿರ ಹೇಳಿದ್ದರು.

ಮಂಜಿ ಬಂತೆಂದು ತಿಳಿದು ಮೋಹನದಾಸ್ ಆ ಸಂಜೆ ದೋಣಿಯಲ್ಲಿ ಇಲ್ಲಿಗೆ ಬಂದರು. ನದಿಯ ಬಾಗಿಲು ಬರೀ ಒರಗಿಸಿತ್ತು. ಒಳಗೆ ರೇಮಂಡರು ತೊಟ್ಟಿಯ ಮೇಲೆ ಬೋರಲಾಗಿದ್ದರು. ತಲೆ ನೀರಿನಲ್ಲಿ, ಕೈಗಳು ಎರಡೂ ಕಡೆಗೆ; ನೀರು ಇನ್ನೂ ಅಲ್ಲಾಡುತ್ತಿತ್ತು. ಮೇಜಿನ ಮೇಲೆ ಜೀವಿಗಳನ್ನು ಕೆಡದಂತೆ ಇಡುವ ಔಷಧಿಯ ಬಾಟಲಿ ಮುಚ್ಚಳ ತೆಗೆದು ಇತ್ತು. ಕೋಣೆಯೆಲ್ಲ ಅದರ ಘಾಟು.

ಅದನ್ನು ಕುಡಿದು ಬಿದ್ದಿದ್ದಾನೆ ಎಂದುಕೊಂಡರು ಮೋಹನದಾಸ್. ತಾನೇ ಬೇಕೆಂದು ಕುಡಿದಿದ್ದಾನೆ.

"ಅವನ ತಂಗಿ ತೆರೆಸಾ ನಿಮಗೆ ಗೊತ್ತುಂಟಲ್ಲ," ಎಂದರು. "ಮದುವೆ ಆಗದೆ ಇವನ ಮನೆ ನೋಡಿಕೊಂಡವಳು. ತಾನಾಗಿ ಜೀವ ತೆಗೆದುಕೊಂಡವನಿಗೆ ಇಗರ್ಜಿಯ ಸ್ಮಶಾನದ ಮಣ್ಣು ಸಿಕ್ಕುದಿಲ್ಲ. ಅಪ್ಪ ಅಮ್ಮನ ಹತ್ತಿರ ಅವನಿಗೆ ಜಾಗ ಇಲ್ಲ. ಅವಳು ಅದನ್ನು ಹೇಗೆ ತಡೀತಾಳೆ? ಕಡಲಲ್ಲಿ ಮುಳುಗಿದ ಅಂದರೆ ಎಲ್ಲ ಸರಿ ಆಗ್ತದೆ ಅಂತ ಕಂಡಿತು. ಆಗ ನನಗೆ ಬೇರೆ ಏನೂ ಕಾಣಲಿಲ್ಲ."

ಉಸಿರು ಕಾಣದ್ದರಿಂದ ಜೀವ ಹೋಗಿದೆ ಎಂದುಕೊಂಡು ಅವರೇ ಎತ್ತಿ ದೋಣಿಯಲ್ಲಿ ಮಲಗಿಸಿದರು. ತಾಡಪಾಲು ಹೊದಿಸಿದರು. ಇಳಿತದ ನೀರು ದೋಣಿಯನ್ನು ತಾನಾಗಿಯೇ ನದಿ ಕಡಲು ಸೇರುವ ಅಳಿವೆಯ ಬಾಯಿಗೆ ಎಳೆದುಕೊಂಡು ಹೋಯಿತು. ಕತ್ತಲಾಗುವ ಮೊದಲೇ ಗೆಳೆಯನನ್ನು ನೀರಿಗೆ ಇಳಿಸಿ, ಹುಟ್ಟು ಹಾಕಿ ಹಿಂದಿರುಗಿದರು. ತೊಟ್ಟಿಯ ನೀರು ಬಿಟ್ಟು ತೊಳೆದರು. ರೇಮಂಡರು ಹೆತ್ತವರ ಪಕ್ಕದಲ್ಲಿ ಮಣ್ಣಾದರು. ಬಾವನನ್ನು ಹಿಡಿಯುತ್ತಾರೆಂದು ಅವರು ನೆನೆಸಿರಲಿಲ್ಲ.

"ಹಿಡಿದ ಮೇಲೆ?"

"ಸಾಕ್ಷಿ ಇಲ್ಲ, ಬಿಟ್ಟುಬಿಡ್ತಾರೆ ಅಂತ ವಕೀಲರು ಹೇಳಿದರು."

"ಸೆಷನ್ಸ್‌ಗೆ ಹೋಗ್ತಿತ್ತು ಕೇಸು," ಎಂದ ಚೆನ್ನಪ್ಪ. "ನೇಣಿನ ಕೇಸು. ಅವನ ಹೆಂಡತಿ ಜೈಲಿನ ಎದುರು ನಿಲ್ಲುದನ್ನು ನೀವು ನೋಡಿಲ್ವಾ?"

"ನೋಡಿದ್ದೇನೆ."

ಇಷ್ಟನ್ನೇ ಹೇಳಿ ಮೋಹನದಾಸ್ ತಲೆ ತಗ್ಗಿಸಿದರು. ಜೆಪ್ಪುವಿನ ಇಗರ್ಜಿಯ ಗಂಟೆ ಕೇಳಿಸಿತು. ಮೋಹನದಾಸರ ಕೈ ಕೊಡೆಯ ಹಿಡಿಯನ್ನು ಬಿಗಿಯಿತು.

ಚೆನ್ನಪ್ಪನಿಗೆ ಸಿಟ್ಟು ಇತ್ತು. ಆದರೂ ಮುಂದಿನ ಮಾತನ್ನು ಅವನು ಮೆಲ್ಲಗೇ ಹೇಳಿದ, ಯಾಕೆಂದರೆ ಅದು ಸಿಟ್ಟಿಗಿಂತ ಹೆಚ್ಚು ನೋಯಿಸುವುದೆಂದು ಅವನಿಗೆ ತಿಳಿದಿತ್ತು.

"ಕೆಸರು ಕಲಕಿದ್ದರೆ ಕೆಂಪು ಚಿಪ್ಪು ಎಲ್ಲ ಪದರದಲ್ಲೂ ಇರಬೇಕಿತ್ತು. ಇಲ್ಲ. ಅಡಿಯಲ್ಲಿ ಮಾತ್ರ ಉಂಟು. ಮದ್ರಾಸಿನವರಿಗೆ ಕೊಡುವ ಉತ್ತರ ಆ ಕೊಳವೆಯಲ್ಲೇ ಉಂಟು. ಆ ಮಧ್ಯಾಹ್ನ ನಿಮ್ಮ ಗೆಳೆಯ ಬಂದವರೇ ಅದನ್ನು ಸೀಳಿ, ಅಡಿತುದಿ ಕೊಯ್ದು, ನೆನೆಸಿ ತೊಳೀತಾ ಇದ್ದರು. ಸಾಯ್ಲಿಕ್ಕೆ ಹೊರಟವರು ಮಾಡುವ ಕೆಲಸವಾ ಅದು?"

ಮೋಹನದಾಸ್ ಮುಖವೆತ್ತಿದರು.

"ಡಾಕ್ಟರು ಹೊಟ್ಟೆಯಲ್ಲಿ ಔಷಧಿಯ ಒಂದು ಹನಿಯನ್ನೂ ಕಾಣಲಿಲ್ಲ," ಎಂದ ಚೆನ್ನಪ್ಪ. "ಬಾಟಲಿಯ ಮುಚ್ಚಳ ತೆಗೆದದ್ದು ಚಿಪ್ಪುಗಳನ್ನು ಹಾಕಿಡಲಿಕ್ಕೆ. ತಲೆಯ ಹಿಂದೆ ಒಂದು ಪೆಟ್ಟು ಉಂಟು. ದೋಣಿಯಲ್ಲಿ ಬಾವ ಹೊಡೆದದ್ದು ಅಂತ ನಾವು ಬರೆದುಕೊಂಡಿದ್ದೆವು. ಅವರು ತಾವಾಗಿ ಬಿದ್ದವರಲ್ಲ. ಯಾರೋ ಹೊಡೆದು, ತಲೆಯನ್ನು ಈ ನೀರಿಗೆ ಒತ್ತಿದ್ದಾರೆ. ನೀವು ಮಣ್ಣಿಗೆ ಜಾಗ ಹುಡುಕ್ಲಿಕ್ಕೆ ಹೋಗಿ ಕೊಂದವನ ಕೆಲಸ ಹಗುರ ಮಾಡಿದಿರಿ."

ಮೋಹನದಾಸ್ ಕೆಸರಿನ ಕೊಳವೆಯ ಕಡೆಗೆ ನೋಡಿದರು. ಇಷ್ಟು ವರ್ಷ ಗೆಳೆಯ ಅದರ ಮಾತಾಡುವಾಗ ತಲೆದೂಗಿದ್ದರೇ ಹೊರತು ಒಮ್ಮೆಯೂ ಬಗ್ಗಿ ನೋಡಿದವರಲ್ಲ.

"ಅವನಿಗೆ ಸಿಕ್ಕಿತ್ತು ಅಂತಾಯಿತು," ಎಂದರು ಕೊನೆಗೆ.

"ಸಿಕ್ಕಿತ್ತು."

ಆಗ ಕಿಟಕಿಯ ಕೆಳಗಿನಿಂದ ಹೇಮಾಕ್ಷಿ ಕರೆದಳು. ಅವಳು ಎದ್ದು ನಿಂತಿದ್ದಳು. ಒಂದು ಕೈ ಮೇಜನ್ನು ಹಿಡಿದಿತ್ತು.

ಎರಡನೆಯ ಸೀಸೆಯಲ್ಲಿ ಚಿಪ್ಪುಗಳು ಇದ್ದವು, ಕೆಂಪೂ ಬಿಳಿಯೂ. ಅವುಗಳ ಜೊತೆ ಇನ್ನೊಂದು ಇತ್ತು: ಗಾಜಿನ ಕಡ್ಡಿಗಳಂತಹ ಸೂಕ್ಷ್ಮ ಸಸ್ಯಗಳು, ಒಳಗಿನ ಹಸಿರು ಇನ್ನೂ ಪೂರ್ತಿ ಮಾಸದವು. ನದಿಯ ಸಿಹಿಯೂ ಕಡಲಿನ ಉಪ್ಪೂ ಸೇರುವಲ್ಲಿ ಮಾತ್ರ ಅವು ಬದುಕುತ್ತವೆ ಎಂದಳು. ಬಾವಿಯ ನೀರಿನ ತೊಟ್ಟಿಗೆ ಅವು ಬರುವ ದಾರಿಯೇ ಇಲ್ಲ. ಅಳಿವೆಯ ಬಾಯಿಯಲ್ಲಿ ಬೇಕಾದಷ್ಟು.

ಚೆನ್ನಪ್ಪನಿಗೆ ಡಾಕ್ಟರ ಮಾತು ನೆನಪಾಯಿತು. ಹೆಣವನ್ನು ನೀರಿಗೆ ಹಾಕಿದರೆ ಗಂಟಲಿನವರೆಗೆ ನೀರು ಹೋದೀತು. ಶ್ವಾಸಕೋಶದ ಅಡಿ ಅಂಚಿಗೆ ಇಷ್ಟೊಂದು ಹೋಗಬೇಕಾದರೆ ಉಸಿರು ಎಳೆಯಬೇಕು.

ಅದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮೋಹನದಾಸ್ ಅವನ ಮುಖವನ್ನು ನೋಡುತ್ತಿದ್ದರು.

"ಅಳಿವೆಯಲ್ಲಿ ಅವನಿಗೆ ಜೀವ ಇತ್ತಾ?"

ಚೆನ್ನಪ್ಪ ಹೌದೆಂದು ತಲೆಯಾಡಿಸಿದ.

ಕೊಡೆ ನೆಲಕ್ಕೆ ಜಾರಿತು. ಮೋಹನದಾಸ್ ಅದನ್ನು ಎತ್ತಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿ, ಯಾರನ್ನೋ ಹಿಡಿದು ಇಳಿಸುವವರಂತೆ, ಅಂಗೈಗಳನ್ನು ನೋಡುತ್ತ ಕುಳಿತರು. ಅಂತಹ ಹೊತ್ತಿನಲ್ಲಿ ಪೊಲೀಸರು ಕೇಳುವ ಪ್ರಶ್ನೆ ಯಾವುದೂ ಇರುವುದಿಲ್ಲ.

"ನೀರಿಗೆ ಇಳಿಸುವಾಗ ಅವನು ಮಾತಾಡಿದ," ಎಂದರು ಮೋಹನದಾಸ್. "ಅಲೆಯ ಸದ್ದು ಅಂತ ನಾನು ನನಗೇ ಹೇಳಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ದಿನಾ ಹೇಳಿಕೊಂಡಿದ್ದೇನೆ."

"ಎಂತ ಹೇಳಿದರು?"

ಮೋಹನದಾಸ್ ಚೆನ್ನಪ್ಪನ ಕಡೆ ನೋಡಲಿಲ್ಲ. ಅವರ ಕಣ್ಣು ಕಿಟಕಿಯ ಕಡೆಗೆ ಹೋಯಿತು.

"'ಹೇಮಾಕ್ಷಿ, ಬಾಗಿಲು ತೆಗಿ' ಅಂದ."

ಆ ದಿನ ಸಂಜೆ ತಾನು ಗೋದಾಮಿನ ಕಡೆ ಸುಳಿಯಲೇ ಇಲ್ಲ ಎಂದು ಪೊಲೀಸರ ಮುಂದೆ ಹೇಳಿದವಳು ಹೇಮಾಕ್ಷಿ. ಚೆನ್ನಪ್ಪ ಅವಳತ್ತ ತಿರುಗಿದ. ರಸ್ತೆಯ ಬಾಗಿಲು ಅವಳ ಬಲಕ್ಕೆ ಹತ್ತಿರದಲ್ಲೇ ಇತ್ತು. ಅವಳು ಅತ್ತ ಕದಲಲಿಲ್ಲ. ಅಳಲೂ ಇಲ್ಲ. ಬೆರಳ ತುದಿಯಲ್ಲಿದ್ದ ಗಾಜಿನ ಪಟ್ಟಿಯನ್ನು ಜೋಪಾನವಾಗಿ ಮೇಜಿನ ಮೇಲೆ ಇಟ್ಟಳು.

"ತೆಗೆದೆ," ಎಂದಳು. "ಬಾಗಿಲು ತೆಗೆದದ್ದು ನಾನೇ. ಆದರೆ ಒಳಗೆ ಸರ್ ಒಬ್ಬರೇ ಇರಲಿಲ್ಲ. ಅವರನ್ನು ಹೊಡೆದವರೂ ಇದ್ದರು."